ಅಪ್ಡೇಟ್ ಆದ ಕಂಪ್ಯೂಟರೂ ಅವ್ವನ ಒಡಪೂ

ಬೈಲಹೊಂಗಲದಾಗ ನಂದೊಂದು ಸಣ್ಣ ರೆಕಾರ್ಡಿಂಗ್ ಖೋಲಿ ಐತಿ. ಭಜನಿ, ಸೋಬಾನ ಪದ, ಲಗ್ನದ ಹಾಡು, ಎಲ್ಲಾ ಅಲ್ಲೇ ಆಗತಾವ. ಒಂದು ವಾರ ನೆಟ್ಟಗ ನಡೀತಂದ್ರ ಮುಂದಿನ ವಾರ ಏನರ ಒಂದು ಫಜೀತಿ ಆಗೇ ಆಗತೈತಿ. ಮೊನ್ನಿದಂತೂ ಮೂರು ದಿನದ ಫಜೀತಿ. ಮೊದಲಿಂದ ಹೇಳತೇನಿ, ಕೇಳ್ರಿ.

೧. ಸುತ್ತಿಗಿ

"ಹೊಸಾ ಅಪ್ಡೇಟ್ ಬಂದೈತಿ, ಹಾಕಲೇನು?" ಅಂತ ಕಂಪ್ಯೂಟರ್ ಒಂದು ತಿಂಗಳಿಂದ ಕೇಳಾಕ ಹತ್ತಿತ್ತು. ನನಗ ಸಿಟ್ಟು ಮೂಗಿನ ತುದಿಮ್ಯಾಲ. ಒಂದಿನ ತಲಿ ಕೆಟ್ಟು, "ಹಾಕ್ಕೋ ಮಾರಾಯಾ!" ಅಂತ ಒತ್ತೇ ಬಿಟ್ಟೆ. ಒಂದು ತಾಸಿನ ಮ್ಯಾಲ ಕಂಪ್ಯೂಟರ್ ಹೊಸಾ ಮದುಮಗನಂಗ ಥಳಥಳ ಅಂತ ಎದ್ದು ಕುಂತಿತು. ಹಾಡು ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಮಾತ್ರ ಏಳಲಿಲ್ಲ. ಈ ಹೊಸಾ ಆಪರೇಟಿಂಗ್ ಸಿಸ್ಟಮ್‌ನಾಗ ಹಳೇ ಆವೃತ್ತಿ ನಡಿಯೂದಿಲ್ಲ ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಂತು. ಹತ್ತು ಸಲ ಒತ್ತಿದೆ, ಹತ್ತೂ ಸಲ ಅದ ಮಾತು.

ದೊಡವಾಡದ ತಬಲಾ ಮಾಸ್ತರು ಭಜನಿ ರೆಕಾರ್ಡಿಂಗಿಗೆ ಬಂದು ಕುಂತಿದ್ರು.

"ಏನಾತೋ?"

"ಎರಡೂ ಒಂದಕ್ಕೊಂದು ಹೊಂದವಲ್ಲವರಿ."

"ಅಷ್ಟ ಹೌದಿಲ್ಲೋ? ನಮ್ಮ ತಬಲಾ ಹಾರ್ಮೋನಿಯಮ್ ಪೆಟಗಿಗೆ ಹೊಂದಲಿಲ್ಲಂದ್ರ ನಾವು ಕೈ ಕಟಗೊಂಡ ಕೂಡತೇವೇನು? ಸರಿ ಅತ್ತಾಗ!"

ತಬಲಾ ಶ್ರುತಿ ಮಾಡೋ ಸುತ್ತಿಗಿ ಹಿಡಕೊಂಡು ಎದ್ದ ಬಂದ್ರು. ನಾ ಎರಡೂ ಕೈ ಚಾಚಿ ಕಂಪ್ಯೂಟರಿಗೆ ಅಡ್ಡ ನಿಂತೆ.

"ಅಂಜಬ್ಯಾಡೋ ಹುಚ್ಚಾ, ನಡಬರಕ ಬಡಿಯೂದಿಲ್ಲ. ಬರೇ ಅಂಚಿಗೆ ತಟ್ಟತೇನಿ," ಅಂದ್ರು.

೨. ಪಿಸುಮಾತು

ಮರುದಿನ ಮನೋಳಿಯಿಂದ ಒಬ್ಬ ಅಜ್ಜಿ ಬಂದ್ಳು. ಹೋದ ವರ್ಷ ನಮ್ಮಲ್ಲೇ ನಾಕು ಸೋಬಾನ ಪದ ಹಾಡಿ ಹೋಗಿದ್ಳು. ಆಮ್ಯಾಲ ಗಂಟಲ ಆಪರೇಷನ್ ಆಗಿ ಧ್ವನಿ ಹೋತು. ಈಗ ಏನಿದ್ರೂ ಉಸಿರಿನಾಗ ಮಾತು.

"ನಾಡಿದ್ದು ಬಸರಿ ಮೊಮ್ಮಗಳ ಕುಬಸ ಐತೋ ಯಪ್ಪಾ. ನಿನ್ನ ಕುಬಸಕ್ಕ ನಾನ ಹಾಡತೇನಂತ ಅಕಿಗೆ ಮಾತ ಕೊಟ್ಟೇನಿ. ಇನ್ನ ಈ ಗಂಟಲಿಲೆ ಹಾಡೂದಂತೂ ಆಗೂದಿಲ್ಲ. ಆ ನಾಕು ಪದಾ ಕೊಡು, ಅವನ್ನ ಹಚ್ಚತೇವಿ."

ಆ ಪದಾ ನಾಕೂ ಅದ ಏಳಲಾರದ ಸಾಫ್ಟ್‌ವೇರಿನೊಳಗ ಕುಂತಿದ್ವು. ಬ್ಯಾರೆ ಕಡೆ ಒಂದು ಪ್ರತಿ ತಗದಿಟ್ಟಿರಲಿಲ್ಲ. ಇನ್ನೊಮ್ಮೆ ಹಾಡಸೂಣಂದ್ರ ಅಕಿ ಕಡೆ ಧ್ವನಿನ ಇಲ್ಲ. ನಾ ಎಂಥಾ ಖೋಡಿ!

ಅಜ್ಜಿ ಪಿಸುಗುಟ್ಟಿದ್ಳಂತ ನಾನೂ ಪಿಸುಗುಟ್ಟೇ ವಿಷಯ ಹೇಳಿದೆ. ಚಾ ತಂದ ಅವ್ವನೂ ಪಿಸುಗುಟ್ಟಿದ್ಳು, "ಸಕ್ಕರಿ ಸಾಕೇನ್ರಿ?" ಅಷ್ಟರಾಗ ತಬಲಾ ಮಾಸ್ತರು ನಿನ್ನಿ ಮರತಹೋದ ಸುತ್ತಿಗಿ ಒಯ್ಯಾಕ ಬಂದ್ರು. ನಮ್ಮ ಮೂರೂ ಮಂದಿ ಮಾರಿ ನೋಡಿದ್ರು. ತಲಿಮ್ಯಾಲಿನ ಟೊಪಗಿ ತಗದ್ರು. ಮೆಲ್ಲಕ ನನ್ನ ಕಿವ್ಯಾಗ ಕೇಳಿದ್ರು:

"ಮಣ್ಣ ಮಾಡೂದು ಎಷ್ಟೊತ್ತಿಗೆ ಐತೋ?"

೩. ಮಾಲಕರ ಹೆಸರು

ಸಾಫ್ಟ್‌ವೇರ್ ಕಂಪನಿಗೆ ಫೋನ್ ಹಚ್ಚಿದೆ. ಹೊಸಾ ಸಿಸ್ಟಮ್ಮಿಗೆ ಹೊಂದೋ ಆವೃತ್ತಿ ಬಂದೈತಿ, ನಾಳೆ ನೋಂದಣಿ ನಂಬರಿಗೆ ನಾವ ಫೋನ್ ಮಾಡಿ, ಮಾಲಕರ ಹೆಸರ ಖಾತ್ರಿ ಮಾಡಿಕೊಂಡು ಕಳಸತೇವಂದ್ರು. ನೋಂದಣಿ ಆಗಿದ್ದು ಅಪ್ಪನ ಹೆಸರಿಲೆ, ನಂಬರ್ ಮಾತ್ರ ಅವ್ವಂದು. ಅಪ್ಪ ಒಂದು ಲಗ್ನಕ್ಕಂತ ರಾಮದುರ್ಗಕ್ಕ ಹೋಗಿದ್ದ. ಅಜ್ಜಿ, "ಪದಾ ತಗೊಂಡ ಹೋಗಾಕಿ ನಾ," ಅಂತ ನಮ್ಮನ್ಯಾಗ ಉಳದ್ಳು.

ಮರುದಿನ ಫೋನ್ ಬಂತು. ಅವ್ವ ಎತ್ತಿದ್ಳು, ನಾ ಸ್ಪೀಕರ್ ಹಚ್ಚಿದೆ. ಬೆಂಗಳೂರ ಕಡೆ ಮಾತಿನ ಒಬ್ಬಾಕಿ ಹುಡುಗಿ.

"ಮಾಲೀಕರ ಹೆಸರು ಹೇಳಿ ಅಮ್ಮ."

"ನಮ್ಮ ಮನಿಯವರು."

"ಅವರ ಹೆಸರು?"

"ಇವನ ಅಪ್ಪ."

ನಾ ನಡುವ ಬಾಯಿ ಹಾಕಿದೆ. "ಸರ್, ನೀವು ಸುಮ್ಮನಿರಿ. ಫೋನ್ ಎತ್ತಿದವರೇ ಹೇಳಬೇಕು," ಅಂತ ಆ ಹುಡುಗಿ ನನ್ನ ಬಾಯಿ ಮುಚ್ಚಿಸಿದ್ಳು.

ನಮ್ಮ ಅವ್ವ ನಲವತ್ತು ವರ್ಷದಾಗ ಗಂಡನ ಹೆಸರ ಬರೇ ಬಾಯಿಲೆ ಅಂದಾಕಿ ಅಲ್ಲ. ಲಗ್ನ, ಕುಬಸದಾಗ ಹೆಂಗಸರು ಗಂಟು ಬಿದ್ರ ಒಡಪು ಕಟ್ಟಿ, ಪ್ರಾಸದ ನಡುವ ಹೆಸರ ಸೇರಿಸಿ ಹೇಳತಿದ್ಳು, ಅಷ್ಟ. ಈಗ ನಾಚಿಕಿಗೆ ಆ ಒಡಪೂ ಮರತ ಹೋತು. ಅಜ್ಜಿಗೆ ತಡಿಲಿಲ್ಲ. ಎದ್ದ ಬಂದು ಅವ್ವನ ಕಿವ್ಯಾಗ ಒಂದು ಒಡಪು ಉಸುರಿದ್ಳು. ಅವ್ವ ಕಣ್ಣ ಮುಚ್ಚಿ ಒದರಿದ್ಳು:

"ಮಲಪ್ರಭಾ ಹೊಳಿಯಾಗ ನೀರ ಹರೀತಾವ ತಣ್ಣಗ,
ಬಸವಣ್ಣೆಪ್ಪನವರ ಹೆಸರ ಹೇಳತೇನಿ ಸಣ್ಣಗ!"

ಹುಡುಗಿ ಕೇಳಿದ್ಳು, "ಇದರಲ್ಲಿ ಹೆಸರು ಯಾವುದಮ್ಮ, ಮಲಪ್ರಭಾ ನಾ?"

"ಅಯ್ಯ ನಮ್ಮವ್ವಾ, ಅದು ಹೊಳಿ! ಅದರ ಕೆಳಗಿಂದು!"

"ಸರಿ, ಬಸವಣ್ಣೆಪ್ಪ. ಅವರ ತಂದೆಯ ಹೆಸರು?"

ಅವ್ವ ಗಾಬರಿಯಾಗಿ ಸೆರಗು ಬಾಯಿಗೆ ಹಿಡಕೊಂಡ್ಳು. "ಮಾವನವರ ಹೆಸರ? ಯವ್ವಾ, ಅದಕ್ಕ ಒಡಪೂ ಇಲ್ಲವಾ!"

ಹುಡುಗಿಗೆ ನಗು ತಡಿಲಿಲ್ಲ. "ಬಿಡಿ ಅಮ್ಮ, ಖಾತ್ರಿಯಾಯಿತು. ಹೆಂಡತಿ ಅಲ್ಲದವರಿಗೆ ಇಷ್ಟು ಕಷ್ಟ ಆಗೋದೇ ಇಲ್ಲ."

೪. ನಾಕು ಪದಾ

ಹೊಸಾ ಆವೃತ್ತಿ ಬಂತು. ಹಾಕಿದೆ. ಸಾಫ್ಟ್‌ವೇರೇನೋ ಎದ್ದ ಕುಂತಿತು, ಆದ್ರ ಹಳೇ ಹಾಡು ಇದರಾಗ ತೆರಿತಾವೋ ಇಲ್ಲೋ ಅಂತ ಚಿಂತಿ. ಅಜ್ಜಿ ಖುರ್ಚಿ ಸರಿಸಿ ಸ್ಪೀಕರಿನ ಬಾಜೂಕ ಕುಂತ್ಳು.

ಒತ್ತಿದೆ. ಪಡದಿಮ್ಯಾಲ ಗೆರಿ ಓಡಾಕ ಹತ್ತಿದ್ವು. ಅಜ್ಜಿಯ ಧ್ವನಿ ಬಂತು ನೋಡ್ರಿ, ಖೋಲಿ ತುಂಬಿ ಬಾಗಲದಾಚೆ ಹೋತು. ಮೈಕಿನ ಹಂಗಿಲ್ಲದ ಧ್ವನಿ ಅದು. ಅಜ್ಜಿ ಸ್ಪೀಕರಿನ ಮ್ಯಾಲ ಅಂಗೈ ಇಟ್ಟು, ತನ್ನ ಪದಕ್ಕ ತಾನ ತುಟಿ ಆಡಿಸಿಕೊಂತ ಕುಂತ್ಳು. ಕಣ್ಣಾಗ ನೀರು. ಅವ್ವನೂ ಅತ್ಳು. ನಾಕೂ ಪದಾ ಮುಗದ ಕೂಡ್ಲೆ ಒಂದಲ್ಲ, ಮೂರು ಪ್ರತಿ ತಗದೆ.

ಪೆನ್‌ಡ್ರೈವ್ ಕೈಯಾಗ ಇಟ್ಟಾಗ ಅಜ್ಜಿ ಸೆರಗಿಲೆ ಕಣ್ಣ ಒರಸಿಕೊಂಡು, ಬಾ ಅಂತ ಸನ್ನಿ ಮಾಡಿದ್ಳು. ಬಗ್ಗಿ ಕಿವಿ ಕೊಟ್ಟೆ.

"ಯಪ್ಪಾ, ನಾ ಇಷ್ಟ ಜೋರ ಇದ್ನೇನೋ?" ಅಂತ ಉಸುರಿದ್ಳು. "ಆಪರೇಷನ್ ಆದಾಗಿಂದ ನಮ್ಮ ಮನಿಯವರು ಯಾಕ ಅಷ್ಟ ಖುಷಿಯಾಗಿ ಅದಾರಂತ ಈಗ ತಿಳೀತು ನೋಡು!"