ಅತ್ತೆಯ ಫೋಟೋ ತಡೆದ ಗಿಟ್‌ಇಗ್ನೋರ್ ಅವರಿಗೊಂದು ಅಹವಾಲು

ಮಾನ್ಯ ಗಿಟ್‌ಇಗ್ನೋರ್ ಅವರೇ,

ಸಂಬಳ, ರಜೆ, ಕಾಫಿ ಯಾವುದನ್ನೂ ಕೇಳದೆ ನಮ್ಮ ಅಂಗಡಿಯ ಕಂಪ್ಯೂಟರಿನ ಬಾಗಿಲು ಕಾಯುತ್ತಿರುವ ತಮಗೆ ಕೊಡಿಗೇಹಳ್ಳಿಯಿಂದ ರಂಜನಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೇನಾದೀತು, ಆಗಿದ್ದೆಲ್ಲ ನಮಗೇ.

ತಮ್ಮ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಯಾರದೋ ಪ್ರೆಸ್ಸಿನಲ್ಲಿ ಕವರು ಮಡಚುತ್ತ ಕಸುಬು ಕಲಿತ ನಾನು ಇಂದು ಸ್ವಂತ ಅಂಗಡಿಯಲ್ಲಿ ಲಗ್ನಪತ್ರಿಕೆಯ ಜೊತೆಗೆ, ಫೋನಿನಲ್ಲೇ ತೆರೆದು ನೋಡುವ ಮದುವೆಯ ವೆಬ್‌ಪುಟಗಳನ್ನೂ ಮಾಡಿಸಿಕೊಡುತ್ತೇನೆ. ಮಾಡುವವಳು ನಮ್ಮ ಅಂಗಡಿಯ ಕಂಪ್ಯೂಟರ್ ಹುಡುಗಿ ಸಬಾ. ಅವಳ ಕೆಲಸವನ್ನೆಲ್ಲ ಗಿಟ್ ಎಂಬ ವ್ಯವಸ್ಥೆ ದಾಖಲಿಸಿಕೊಂಡು ಇಂಟರ್‌ನೆಟ್ಟಿಗೆ ಏರಿಸುತ್ತದೆ. ಏರಿಸಬಾರದ್ದು ಯಾವುದೆಂಬ ಪಟ್ಟಿಯೇ ತಾವು. ಫೋಟೋಗ್ರಾಫರುಗಳು ಕೊಡುವ ಮೂಲ ಫೋಟೋಗಳು ರುಬ್ಬುವ ಕಲ್ಲಿನಷ್ಟು ಭಾರವಾದ್ದರಿಂದ, ಆ ಫೋಲ್ಡರನ್ನೇ ಬಿಟ್ಟುಬಿಡಿ ಎಂದು ತಮ್ಮಲ್ಲಿ ಒಂದು ಸಾಲು ಬರೆದದ್ದು ನಾವೇ. ತಾವು ಬಿಟ್ಟಿರಿ. ಅಷ್ಟರಮಟ್ಟಿಗೆ ತಮ್ಮ ಮೇಲೆ ದೂರಿಲ್ಲ.

ದೂರಿರುವುದು ಸಂಜಯನಗರದ ಸುಬ್ರಹ್ಮಣ್ಯ ಅವರ ಮಗಳು ಶರ್ವಾಣಿಯ ಮದುವೆಯ ಪುಟದ ಬಗ್ಗೆ. ಹುಡುಗಿಗೆ ಆರತಿ ಎತ್ತಬೇಕಾದ ಸೋದರತ್ತೆ, ಅಂದರೆ ಸುಬ್ರಹ್ಮಣ್ಯ ಅವರ ಅಕ್ಕ, ಕೋಗಿಲು ಬಡಾವಣೆಯ ಸತ್ಯವತಮ್ಮ. ಅವರ ಫೋಟೋ ತಡವಾಗಿ ಬಂದು ಆ ಭಾರದ ಫೋಲ್ಡರಿಗೇ ಸೇರಿತು. ಸಬಾ ಜಾಣೆ; ಆ ಫೋಲ್ಡರ್ ಬೇಡ, ಅದರೊಳಗಿನ ಅತ್ತೆಯ ಫೋಟೋ ಮಾತ್ರ ಬೇಕು ಎಂದು, ಮುಂದೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ತಮ್ಮಲ್ಲಿ ಇನ್ನೊಂದು ಸಾಲು ಬರೆದಳು. ತಾವು ಆ ವಿನಂತಿಯನ್ನು ಸ್ವೀಕರಿಸಿದಿರಿ, ಜೋಪಾನವಾಗಿ ಇಟ್ಟುಕೊಂಡಿರಿ, ಮತ್ತು ಯಾವ ಕಚೇರಿಯೂ ನಾಚುವಷ್ಟು ಮೌನವಾಗಿ ಏನನ್ನೂ ಮಾಡಲಿಲ್ಲ.

ಸಬಾಳ ಕಂಪ್ಯೂಟರಿನಲ್ಲಿ ಅತ್ತೆ ನಗುತ್ತಿದ್ದರು. ಮಿಕ್ಕವರ ಫೋನಿನಲ್ಲಿ ಅವರ ಹೆಸರಿನ ಮೇಲೆ ಹರಿದ ಕಾಗದದ ಗುರುತೊಂದು ಕೂತಿತ್ತು. ಲಿಂಕು ನೆಂಟರ ವಾಟ್ಸಾಪ್ ಗುಂಪು ಸೇರಿದ್ದೇ ತಡ, ಸತ್ಯವತಮ್ಮನವರ ಫೋನು ನೇರ ನನಗೇ ಬಂತು: “ಏನಮ್ಮಾ, ಎಲ್ಲಾರ್ದೂ ಮುಖ ಇದೆ, ನನ್ದು ಮಾತ್ರ ಹರಿದ್ ಹಾಕಿದ್ದೀರಾ? ಆರತಿ ಎತ್ತೋಕೆ ಆ ಹರಿದಿರೋ ಕಾಗ್ದನೇ ಕರ್ಕೊಳಿ.” ಅದರ ಬೆನ್ನಿಗೇ ಸುಬ್ರಹ್ಮಣ್ಯ ಅವರದು: “ಅಕ್ಕ ಬರಲ್ಲ ಅಂತಿದಾಳೆ ಕಣ್ರೀ! ಅತ್ತೆ ಇಲ್ದೆ ಹಸೆಗೆ ಕೂರಲ್ಲ ಅಂತ ಮಗಳು ಹಟ ಹಿಡಿದಿದಾಳೆ.”

ಆಮೇಲೆ ನಾವು ತಮಗೆ ಸಲ್ಲಿಸಿದ ಸೇವೆಯನ್ನು ತಾವೇ ಬಲ್ಲಿರಿ. ಆ ಸಾಲನ್ನು ಮೇಲೆ ಬರೆದೆವು, ಕೆಳಗೆ ಬರೆದೆವು, ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗವೇನಾದರೂ ಅಂಟಿದೆಯೇ ಎಂದು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಹುಡುಕಿದೆವು. ಕಡೆಗೆ ಸಬಾ, ಯಾವ ಸಾಲು ತಡೆಯುತ್ತಿದೆ ಎಂದು ಗಿಟ್ಟನ್ನೇ ಕೇಳುವ ಆಜ್ಞೆಯೊಂದನ್ನು ಹುಡುಕಿ ತೆಗೆದಳು. ಇಂಥದ್ದೊಂದು ಇದೆಯೆಂದು ಮೊದಲೇ ಹೇಳಿದ್ದರೆ ತಮ್ಮ ಗಾಂಭೀರ್ಯಕ್ಕೆ ಕುಂದು ಬರುತ್ತಿತ್ತೇನೋ. ಅದು ಬೊಟ್ಟು ಮಾಡಿದ್ದು ನಮ್ಮದೇ ಹಳೆಯ ಸಾಲಿನ ಕಡೆಗೆ. “ಅಕ್ಕಾ, ಫೋಲ್ಡರೇ ಬೇಡ ಅಂದ್ಮೇಲೆ ಇವ್ರು ಅದರ ಬಾಗ್ಲೇ ತೆಗ್ಯಲ್ವಂತೆ. ಒಳಗಿರೋ ಒಬ್ರನ್ನ ಕೂಗಿದ್ರೆ ಕೇಳ್ಸೋದಾದ್ರೂ ಹೆಂಗೆ?” ಎಂದಳು ಸಬಾ.

ಮಾನ್ಯರೇ, ಆಗ ನನಗೆ ತಮ್ಮ ಕುಲಗೋತ್ರ ತಿಳಿಯಿತು. ತಾವು ಯಂತ್ರವೇ ಅಲ್ಲ, ನಮ್ಮ ಕಡೆಯ ಬೀಗರು. ಮನೆಗೆ ಹೋಗಿ ಯಜಮಾನರ ಕೈಗೆ ಪತ್ರಿಕೆ, ಅಕ್ಷತೆ ಕೊಡದೆ ‘ನೀವೊಬ್ಬರು ಬನ್ನಿ’ ಎಂದರೆ ನಮ್ಮಲ್ಲಿ ಆ ಮನೆಯ ಬೆಕ್ಕೂ ಹೊರಡದು.

ತಕ್ಷಣ ತಿದ್ದಿದೆವು. ಫೋಲ್ಡರಿನ ಬಾಗಿಲು ತೆರೆದಿರಲಿ, ಒಳಗಿರುವವರನ್ನೆಲ್ಲ ತಡೆಯಿರಿ, ಅತ್ತೆಯೊಬ್ಬರನ್ನು ಬಿಡಿ. ಹಳೆಯ ಸಾಲಿಗೊಂದು ನಕ್ಷತ್ರ ಚಿಹ್ನೆ ಸೇರಿಸಿದರೆ ಮುಗಿಯುವ ಕೆಲಸ. ಅತ್ತೆ ಪುಟದಲ್ಲಿ ನಕ್ಕರು. ಫೋನಿನಲ್ಲಿ ನಗಲಿಲ್ಲ: “ಫೋಟೋ ಬಂತಮ್ಮಾ, ಸರಿ. ನಮ್ಮನೇಗ್ ಯಾರ್ ಬಂದ್ರು?”

ವಿಚಾರಿಸಿದರೆ ಸಂಗತಿ ಇದು: ಹಿಂದೆ ಸ್ವಂತ ಮನೆಯ ಗೃಹಪ್ರವೇಶದ ಊಟದಲ್ಲಿ ಅಕ್ಕನ ಗಂಡನಾದ ಭಾವನನ್ನು ಎರಡನೇ ಪಂಕ್ತಿಗೆ ಕೂರಿಸಿ, ಜಗಳವಾಗಿ, ಮಾತು ಬಿಟ್ಟಿದ್ದ ಸುಬ್ರಹ್ಮಣ್ಯ ಅವರು ಈ ಸಲ ಕೋಗಿಲಿನ ಕಡೆ ತಲೆಯನ್ನೇ ಹಾಕದೆ, ಅಕ್ಕ ಇರುವ, ಭಾವ ಇಲ್ಲದ ಗುಂಪಿಗೆ ನಮ್ಮ ಲಿಂಕು ಹಾಕಿ ಕೈತೊಳೆದುಕೊಂಡಿದ್ದರು. ಮನೆ ಬೇಡ, ಮನೆಯೊಳಗಿನ ಅಕ್ಕ ಮಾತ್ರ ಬೇಕು! ನಮ್ಮ ತಪ್ಪು ಸಾಲನ್ನೇ ಅವರು ಬಾಯಿಪಾಠ ಮಾಡಿದ್ದಂತಿತ್ತು. “ಸಾರ್, ಕಂಪ್ಯೂಟ್ರೇ ಒಪ್ಲಿಲ್ಲ, ಇನ್ನು ನಿಮ್ಮಕ್ಕ ಒಪ್ತಾರಾ? ಮೊದ್ಲು ಭಾವನ ಬಾಗ್ಲು ತಟ್ಟಿ” ಎಂದೆ. ಗೊಣಗುತ್ತಲೇ ಹೋದರು. ಭಾವ ಅಕ್ಷತೆ ತೆಗೆದುಕೊಂಡು ಕೇಳಿದ್ದು ಒಂದೇ ಮಾತಂತೆ: “ಈ ಸಲ ಎಷ್ಟನೇ ಪಂಕ್ತಿ?” ಸತ್ಯವತಮ್ಮ ಆಗಲೇ ಆರತಿ ತಟ್ಟೆ ಬೆಳಗಲು ಹುಣಸೆಹಣ್ಣು ನೆನೆಹಾಕಿದರಂತೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಯಿಷ್ಟೆ. ಮುಂದೆ ಯಾರನ್ನಾದರೂ ಹೊರಗೆ ನಿಲ್ಲಿಸುವಾಗ ದಯವಿಟ್ಟು ಒಂದು ಸಲ ಕೆಮ್ಮಿ. ಹಾಗೆಯೇ ಮದುವೆಯ ದಿನ ಖುದ್ದಾಗಿ ಬಂದು ಛತ್ರದ ಬಾಗಿಲಲ್ಲಿ ನಿಂತು, ಕರೆಯದೆ ಊಟಕ್ಕೆ ಬರುವವರನ್ನು ಇದೇ ದಿವ್ಯಮೌನದಿಂದ ತಡೆದುಕೊಡಿ. ಮನೆಗೇ ಬಂದು ತಮ್ಮನ್ನು ಕರೆಯುತ್ತಿದ್ದೆ, ವಿಳಾಸ ತಿಳಿಯದು.

ಪರೀಕ್ಷಿಸಿ ನೋಡಿದ ಮೇಲಷ್ಟೇ ತಮ್ಮ ವಿಶ್ವಾಸಿಯಾದ,
ರಂಜನಿ
ಲಗ್ನಪತ್ರಿಕೆ ಅಂಗಡಿ, ಕೊಡಿಗೇಹಳ್ಳಿ

ತಾ.ಕ.: ಭಾವನವರೂ ಸ್ವಂತದ್ದೊಂದು ಫೋಟೋ ಕಳಿಸಿದರು, ಕಪ್ಪು ಕನ್ನಡಕ ಸಮೇತ, ಅದೂ ಪುಟಕ್ಕೇರಿದೆ. ಅದನ್ನು ತಮ್ಮ ಪಟ್ಟಿಗೆ ಸೇರಿಸಿ ಸದ್ದಿಲ್ಲದೆ ಇಳಿಸಲಾದೀತೇ ಎಂದು ಸುಬ್ರಹ್ಮಣ್ಯ ಅವರು ಮೆಲ್ಲಗೆ ಕೇಳಿದರು. ಒಮ್ಮೆ ಒಳಗೆ ಬಂದು ದಾಖಲಾದವರ ಮೇಲೆ ತಮ್ಮ ಪಟ್ಟಿ ನಡೆಯುವುದಿಲ್ಲವಂತೆ. ತಮ್ಮ ಕಾನೂನುಗಳಲ್ಲಿ ಇದೊಂದನ್ನು ಮಾತ್ರ ನಾನೇ ಸಂತೋಷದಿಂದ ಅವರಿಗೆ ಓದಿ ಹೇಳಿದೆ.