ಹದಿನಾರಾಣೆಯಲ್ಲಿ ಆರಾಣೆ

ಶಾಬುದ್ದೀನನಿಗೆ ಗಂಡುಮಗನಿರಲಿಲ್ಲ. ಅರವತ್ತೊಂದನೆಯ ವಯಸ್ಸಿನವರೆಗೆ ಅದೊಂದು ಕೊರತೆ ಅಂತ ಅವನಿಗೆ ಅನಿಸಿಯೂ ಇರಲಿಲ್ಲ. ಇದ್ದೊಬ್ಬ ಮಗಳು ಅಫ್ರೀನ್ ಹಾವೇರಿಯಲ್ಲಿ ಗಂಡನ ಮನೆಯಲ್ಲಿದ್ದುಕೊಂಡು ಅಲ್ಲಿನ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಮತ್ತೆ ತಂತಿ ಸುತ್ತಿ ಸುತ್ತಿಯೇ ಶಾಬುದ್ದೀನ ರಾಣೇಬೆನ್ನೂರಿನಲ್ಲಿ ಮೂರು ಕೋಣೆಯ ಮನೆ ಎಬ್ಬಿಸಿದ್ದ. ತನ್ನ ನಂತರ ಅದು ಮಗಳಿಗೆ ಹೋಗುತ್ತದೆ ಅಂತಲೇ ನಂಬಿದ್ದ.

ಆ ನಂಬಿಕೆ ಒಂದು ಬುಧವಾರ ಬೆಳಿಗ್ಗೆ ಅರ್ಧ ಕಪ್ ಚಹಾದ ಹೊತ್ತಿಗೆ ಕುಸಿಯಿತು. ಕೆಡವಿದವನು ಎದುರುಮನೆಯ ಗಾದಿ ಅಂಗಡಿಯ ಇಸಾಕಸಾಬ.

"ನಿನ್ನ ಮನಿಯೊಳಗ ನಿಮ್ಮ ಅಣ್ಣಂದು ಆರಾಣೆ ಐತಿ, ಗೊತ್ತೇನು?"

"ಯಾವ ಅಣ್ಣಂದು?"

"ಖಲಂದರಂದು. ನಿನಗ ಬ್ಯಾರೆ ಅಣ್ಣ ಅದಾನೇನು? ಹದಿನಾರಾಣೆಯೊಳಗ ಎರಡಾಣೆ ಹೇಣ್ತಿಗೆ, ಎಂಟಾಣೆ ಮಗಳಿಗೆ. ಮಗ ಇದ್ದಿದ್ರ ಮಾತು ಬ್ಯಾರೆ. ಉಳಿದಿದ್ದು ಅಣ್ಣಗ. ನಮ್ಮ ಮಂದಿ ಕಾನೂನ ಹಂಗ ಐತಿ."

ಚಹಾ ಶಾಬುದ್ದೀನನ ಗಂಟಲಲ್ಲೇ ನಿಂತಿತು. ಬ್ಯಾಡಗಿಯಲ್ಲಿದ್ದ ಖಲಂದರ ಕೆಟ್ಟವನಲ್ಲ. ಆದರೆ ಕಲ್ಲಂಗಡಿ ಕೊಯ್ದರೂ ಹೋಳಿನ ಮೇಲೆ ಹೋಳಿಟ್ಟು ಅಳತೆ ನೋಡುವ ಮನುಷ್ಯ. ಆರಾಣೆ ಅಂದರೆ ಅಡಿಗೆಮನೆ ಪೂರ್ತಿ, ಪಡಸಾಲೆಯ ಒಂದು ಮೂಲೆ. ಅಫ್ರೀನ್ ತವರಿಗೆ ಬಂದು ಒಲೆ ಹಚ್ಚಬೇಕಾದರೆ ದೊಡ್ಡಪ್ಪನ ಅಪ್ಪಣೆ ಕೇಳಬೇಕು.

ಹತ್ತು ಗಂಟೆಗೆ ಅವನು ನೋಂದಣಿ ಕಚೇರಿಯ ಮುಂದೆ ತಗಡಿನ ನೆರಳಿನಲ್ಲಿ ಕೂರುವ ಬಾಂಡ್ ರೈಟರ್ ಸುರೇಶನ ಎದುರಿಗಿದ್ದ.

"ಮೃತ್ಯುಪತ್ರ ಬರೀರಿ. ಮನಿ ಪೂರಾ ಮಗಳಿಗೆ."

"ಬರೀತೀನ್ರಿ. ನಡಿಯಂಗಿಲ್ಲ," ಎಂದ ಸುರೇಶ, ಪೆನ್ನಿನ ಟೊಪ್ಪಿಗೆಯನ್ನೂ ತೆಗೆಯದೆ. "ನಿಮ್ಮೊಳಗ ವಾರಸದಾರರಿಗೇ ಮೃತ್ಯುಪತ್ರ ಬರದ್ರ ಉಳಿದ ವಾರಸದಾರರು ಒಪ್ಪಬೇಕು. ಅದೂ ನೀವು ತೀರಿಕೊಂಡ ಮ್ಯಾಲೆ. ನಿಮ್ಮಣ್ಣಾರು ಒಪ್ತಾರೇನು?"

ಶಾಬುದ್ದೀನನಿಗೆ ಕಲ್ಲಂಗಡಿ ಕಣ್ಣ ಮುಂದೆ ಬಂತು. "ಮತ್ತೇನು ಮಾಡೂದ್ರಿ?"

"ಹಿಬಾ ಮಾಡ್ರಿ. ಜೀವ ಇದ್ದಾಗನ ದಾನ ಕೊಡೂದು. ಯಾರ ಒಪ್ಪಿಗೀನೂ ಬ್ಯಾಡ. ಆದ್ರ ಕಬಜಾ ಕೊಡಬೇಕು."

"ಕೊಟ್ಟೆ."

"ಬಾಯಿಲೆ ಅಲ್ರಿ. ಮಗಳು ಬ್ಯಾರೆ ಊರಾಗ ಅದಾಳ. ನೀವು ಸಾಮಾನು ಸಮೇತ ಮನಿ ಬಿಟ್ಟು ಹೊರಗ ಬರಬೇಕು. ಕೀಲಿ ಆಕಿ ಕೈಯಾಗ ಇಡಬೇಕು. ನಾಲ್ಕು ಮಂದಿ ಕಣ್ಣಾರೆ ನೋಡಬೇಕು. ಆಮ್ಯಾಲೆ ಆಕಿ ಕರದ್ರ ಒಳಗ ಹೋಗ್ರಿ."

"ಕರೀಲಿಲ್ಲಂದ್ರ?"

"ಅದು ನೀವು, ನಿಮ್ಮ ಮಗಳು. ನನ್ನ ಕೆಲಸ ಬರಿಯೂದು ಅಷ್ಟ."

ಮಗಳಿಗೆ ಫೋನು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹಮಾಲರು ಮಂಚ, ಟ್ರಂಕು, ಅಕ್ಕಿ ಡಬ್ಬಿ, ಫ್ಯಾನು, ಹಿತ್ತಲಲ್ಲಿ ಬಿದ್ದಿದ್ದ ಹನ್ನೊಂದು ಸುಟ್ಟ ಮೋಟರು, ಎಲ್ಲವನ್ನೂ ಬೀದಿಗೆ ತಂದಿಟ್ಟರು. ಫ್ರಿಜ್ಜು ಕರೆಯದೆ ಬಂದ ನೆಂಟನ ಹಾಗೆ ರಸ್ತೆಯ ನಡುವೆ ನಿಂತಿತು. ಅದರ ನೆರಳಿನಲ್ಲಿ ಮಂಚ, ಮಂಚದ ಮೇಲೆ ಹೆಂಡತಿ ರಹಿಮತಬಿ. ಗಂಡಹೆಂಡತಿ ಮನೆಯೊಳಗೆ ಜಗಳಾಡುವುದು ಉರ್ದುವಿನಲ್ಲಿ. ಬೀದಿಗೆ ಬಂದ ಮೇಲೆ ನೆರೆಯವರಿಗೆ ತೊಂದರೆ ಆಗಬಾರದೆಂದು ಆಕೆ ಕನ್ನಡಕ್ಕೆ ಹೊರಳಿದಳು.

"ಮೂವತ್ತೆಂಟು ವರ್ಷ ಸಂಸಾರ ಮಾಡಿ ಕಡೀಕ ಗಟಾರದ ದಂಡಿಮ್ಯಾಲೆ ಕುಂದ್ರಿಸಿದ್ರಿ."

"ಸಂಜೀತನಕ ಅಷ್ಟ. ಕಾಗದಕ್ಕ."

"ಫ್ರಿಜ್ಜಿಗೂ ಕಾಗದ ಬೇಕಾಗಿತ್ತೇನು? ಒಳಗಿನ ಹಾಲು ಒಡದ್ರ ಯಾರು ಕೊಡ್ತಾರ, ಸುರೇಶ ಕೊಡ್ತಾನೇನು?"

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಪದ್ಮಾಬಾಯಿ ಒಗ್ಗರಣೆ ಅವಲಕ್ಕಿಯ ತಾಟು ಹಿಡಿದು ಬಂದರು. ಮುಖದಲ್ಲಿ ಸಾವಿನ ಮನೆಗೆ ಬಂದವರ ಗಾಂಭೀರ್ಯ.

"ಬ್ಯಾಂಕಿನವರು ಬಂದಿದ್ರೇನ್ರಿ?"

ಖರೇ ಹೇಳಿದರೆ ಸುದ್ದಿ ಬಸ್ಸಿಗಿಂತ ಮೊದಲು ಬ್ಯಾಡಗಿ ಮುಟ್ಟುತ್ತದೆ ಎಂದುಕೊಂಡ ಶಾಬುದ್ದೀನ. "ಇಲ್ರಿ ಬಾಯೀರ. ಸುಣ್ಣ ಹಚ್ಚಸಾಕತ್ತೇವಿ."

"ರಮಜಾನಿಗೆ ಹಚ್ಚಿಸಿದ್ರಲ್ಲ."

"ಬಣ್ಣ ಮನಸ್ಸಿಗೆ ಬರಲಿಲ್ರಿ."

ಪದ್ಮಾಬಾಯಿ ನಂಬಲಿಲ್ಲ. ಬೀದಿಯೂ ನಂಬಲಿಲ್ಲ. ಗಂಡಹೆಂಡತಿ ಬೇರೆಯಾಗುತ್ತಿದ್ದಾರೆ ಅಂತ ಒಬ್ಬರು, ಅಳಿಯ ಮನೆ ಬರೆಸಿಕೊಂಡ ಅಂತ ಇನ್ನೊಬ್ಬರು. ದಾರಿಹೋಕನೊಬ್ಬ ರಹಿಮತಬಿ ಕೂತಿದ್ದ ಮಂಚವನ್ನು ಬಗ್ಗಿ ನೋಡಿ, "ಸಾಗವಾನಿ ಏನ್ರಿ? ಎಷ್ಟಕ್ಕ ಕೊಡ್ತೀರಿ?" ಎಂದು ಕೇಳಿದ. ಇಸಾಕಸಾಬನಿಗೆ ಗೆಳೆಯನ ಸ್ಥಿತಿ ನೋಡಲಾಗಲಿಲ್ಲ. ಅಂಗಡಿಯೊಳಗೆ ಹೋಗಿ ಖಲಂದರನಿಗೆ ಫೋನು ಮಾಡಿದ. "ನಿಮ್ಮ ತಮ್ಮ ಬೀದಿಗೆ ಬಂದಾನ. ಲಗೂ ಬರ್ರಿ."

ಮೂರು ಗಂಟೆಗೆ ಅಫ್ರೀನ್ ಬಸ್ಸಿಳಿದು ಬಂದಳು, ಸುರೇಶ ಕಾಗದದೊಂದಿಗೆ ಬಂದ. ಶಾಬುದ್ದೀನ ಕಾಗದಕ್ಕೆ ಸಹಿ ಮಾಡಿ, ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟು, "ಈ ಮನಿ ನಿನಗ ಕೊಟ್ಟೆ," ಎಂದ. "ಕಬೂಲ್," ಎಂದಳು ಅವಳು. ನಾಲ್ಕು ಮಂದಿ ಸಾಕಾಗಿತ್ತು, ನಲವತ್ತು ಮಂದಿ ನೋಡಿದರು.

"ಮುಗೀತ್ರಿ. ನಾಳೆ ಆಫೀಸಿನ್ಯಾಗ ನೋಂದಣಿ ಮಾಡಿಸೂಣು," ಎಂದ ಸುರೇಶ. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಚಹಾ ಶಾಬುದ್ದೀನನಿಗೆ ಆಗ ಕೆಳಗಿಳಿದಂತಾಯಿತು.

ಅಫ್ರೀನ್ ಒಳಗೆ ಹೋಗಿ ಖಾಲಿ ಕೋಣೆಗಳಲ್ಲಿ ಒಂದು ಸುತ್ತು ಹಾಕಿ ಬಾಗಿಲಿಗೆ ಬಂದು ನಿಂತಳು. "ಅಬ್ಬಾ, ಮಂಚ ಒಳಗ ತರಸ್ರಿ. ಫ್ರಿಜ್ಜು ತರಸ್ರಿ. ಆ ಮೋಟರು ಬ್ಯಾಡ."

"ಅದರಾಗ ತಾಮ್ರ ಐತೆವ್ವಾ."

"ಹಾವೂ ಅದಾವು. ಹಿತ್ತಲಾ ಈಗರೆ ಹಿತ್ತಲಾದಂಗ ಕಾಣತೈತಿ. ಮನಿ ಯಾರ್ದು ಈಗ?"

ಶಾಬುದ್ದೀನ ಸುರೇಶನ ಮುಖ ನೋಡಿದ. ಸುರೇಶ ಕಾಗದ ನೋಡಿದ. "ಆಕಿದ್ರಿ."

ರಹಿಮತಬಿ ಆ ದಿನ ಮೊದಲ ಬಾರಿಗೆ ನಕ್ಕಳು.

ಆಗಲೇ ಬೀದಿಯ ತಿರುವಿನಲ್ಲಿ ಒಂದು ಖಾಲಿ ಟೆಂಪೋ ಬಂದು ನಿಂತಿತು. ಮುಂದಿನಿಂದ ಇಳಿದವನು ಖಲಂದರ. ಬೆವೆತಿದ್ದ, ಕಣ್ಣು ಕೆಂಪಾಗಿದ್ದವು.

"ಹತ್ತಸು ಸಾಮಾನು," ಎಂದ. "ನಮ್ಮ ಮನಿಗೆ ನಡೀರಿ. ನಾ ಇರೂತನಕ ನೀ ಬೀದಿಯೊಳಗ ಕುಂದರಂಗಿಲ್ಲ, ಶಾಬು."

ಶಾಬುದ್ದೀನನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. "ಭಾಯಿ, ಅದು... ಸುಣ್ಣ ಹಚ್ಚಸಾಕತ್ತೇವಿ."

"ಸುಣ್ಣ ಅಲ್ರಿ," ಎಂದರು ಪದ್ಮಾಬಾಯಿ. ಮಂಚದ ಮೇಲಿದ್ದ ಕಾಗದ ಅಷ್ಟರಲ್ಲಿ ಅವರ ಕೈ ಸೇರಿತ್ತು. ಮೂವತ್ತು ವರ್ಷ ಪಾಠ ಓದಿದ ಧ್ವನಿಯಲ್ಲಿ ಓದಿದರು: "'ನನ್ನ ಅಣ್ಣನಾದ ಖಲಂದರನಿಗಾಗಲಿ, ಅವನ ಕಡೆಯವರಿಗಾಗಲಿ ಸದರಿ ಸ್ವತ್ತಿನಲ್ಲಿ ಯಾವ ಹಕ್ಕೂ ಇರುವುದಿಲ್ಲ.'"

ಅವಲಕ್ಕಿ ತಿನ್ನುತ್ತಿದ್ದ ಇಸಾಕಸಾಬನ ಕೈ ಬಾಯಿಯ ಹತ್ತಿರವೇ ನಿಂತಿತು.

"ಇನ್ನೊಮ್ಮೆ ಓದ್ರಿ," ಎಂದ ಖಲಂದರ.

ಪದ್ಮಾಬಾಯಿ ಇನ್ನೊಮ್ಮೆ ಓದಿದರು, ಈ ಸಲ ಇನ್ನಷ್ಟು ಸ್ಪಷ್ಟವಾಗಿ.

ಖಲಂದರ ಸುರೇಶನ ಕಡೆ ತಿರುಗಿದ. "ಇದು ಖರೇನ ನಡೀತೈತೇನ್ರಿ? ನಾಳೆ ಅಣ್ಣ ತಮ್ಮ ಅಂತ ಯಾರೂ ಪಾಲು ಕೇಳಾಕ ಬರಂಗಿಲ್ಲ?"

"ಬರಾಕ ಆಗಂಗಿಲ್ರಿ."

ಖಲಂದರ ಮಂಚದ ಮೇಲೆ ಧೊಪ್ಪನೆ ಕೂತು ನಗತೊಡಗಿದ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. "ವರ್ಷಾತು, ಇದ ಚಿಂತಿಯೊಳಗ ನಿದ್ದಿ ಇಲ್ಲ ನನಗ. ಮೃತ್ಯುಪತ್ರ ನಡಿಯಂಗಿಲ್ಲ ಅಂತ ಹೇಳಿದವರು ಹತ್ತು ಮಂದಿ. ಈ ಹಾದಿ ಐತಿ ಅಂತ ಒಬ್ಬನೂ ಹೇಳಲಿಲ್ಲ ನೋಡು."

ಅವನಿಗೂ ಇದ್ದದ್ದು ಒಬ್ಬಳೇ ಮಗಳು, ನಜ್ಮಾ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಇಸಾಕಸಾಬನ ಲೆಕ್ಕದ ಪ್ರಕಾರವೇ ನಜ್ಮಾಳಿಗೆ ಎಂಟಾಣೆ. ಉಳಿದ ಎಂಟಾಣೆ ತಮ್ಮನಿಗೆ. ಆಸ್ತಿ ಅಂದರೆ ಬ್ಯಾಡಗಿಯ ಹತ್ತಿರ ಬೋರಿನ ನೀರಿರುವ ಎರಡು ಎಕರೆ ಮೆಣಸಿನಕಾಯಿ ಹೊಲ. ಅಣ್ಣನ ಸಾವನ್ನು ಶಾಬುದ್ದೀನ ಯಾವತ್ತೂ ಬಯಸಿದವನಲ್ಲ. ಅಣ್ಣ ದಾವಣಗೆರೆಯಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡಾಗ ಐದು ಹೊತ್ತೂ ದುವಾ ಮಾಡಿದ್ದ. ಆದರೆ ಇವತ್ತು ಬೆಳಿಗ್ಗೆ, ಗಂಟಲಿನ ಚಹಾ ಸ್ವಲ್ಪ ಸಡಿಲಾದ ಮೇಲೆ, ಅದೇ ಲೆಕ್ಕವನ್ನು ತಿರುಗಿಸಿ ನೋಡಿದ್ದ. ಕಚೇರಿಯ ಹಾದಿಯಲ್ಲಿ ತನ್ನ ಪಾಲಿನ ಒಂದು ಎಕರೆಗೆ ಗೋವಿನಜೋಳವೋ ಮೆಣಸಿನಕಾಯಿಯೋ ಅಂತ ಎರಡು ಸಲ, ಎರಡೇ ಸಲ, ಯೋಚನೆ ಮಾಡಿದ್ದ.

"ಸುರೇಶಣ್ಣಾರ, ಇನ್ನೊಂದು ಬರೀರಿ," ಎಂದ ಖಲಂದರ. "ಹೆಸರು ಬದಲು ಮಾಡ್ರಿ, ಅಷ್ಟ. ನಾಳೆ ನಜ್ಮಾನ ಹೊಲದಾಗ ನಿಂದ್ರಿಸಿ ನಾ ಬದು ದಾಟಿ ಹೊರಗ ಬರತೀನಿ."

"ಸಾಕ್ಷಿ ಯಾರ್ರಿ?"

"ಇವನ, ನನ್ನ ತಮ್ಮ. ಪಾಲು ಕೇಳಬೇಕಾದವನ ಸಹಿ ಮಾಡಿದ್ರ ಇನ್ನ ಕೇಳಾಕ ಯಾರು ಉಳೀತಾರ?"

ಇಂಥ ಗಟ್ಟಿ ಸಾಕ್ಷಿ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ ಎನ್ನುತ್ತ ಸುರೇಶ ಅಲ್ಲೇ ಕೂತು ಇನ್ನೊಂದು ಕಾಗದ ಬರೆದು ಮುಗಿಸಿದ. ನಲವತ್ತು ಮಂದಿ ನೋಡುತ್ತಿದ್ದರು. ತನ್ನನ್ನು ಮನೆಗೆ ಕರೆದೊಯ್ಯಲು ಟೆಂಪೋ ತಂದವನು ಪೆನ್ನು ಚಾಚಿ ಕೂತಿದ್ದ. ಶಾಬುದ್ದೀನ ಫ್ರಿಜ್ಜಿನ ಮೇಲೆ ಕಾಗದವಿಟ್ಟು ಸಹಿ ಮಾಡಿದ.

"ಭಾಯಿ, ನನ್ನ ಮ್ಯಾಲೆ ಸಿಟ್ಟಿಲ್ಲಲ್ಲ?"

"ಯಾಕ ಸಿಟ್ಟು? ನನ್ನ ಎದಿಮ್ಯಾಲಿನ ಕಲ್ಲು ಇಳಿಸೀದಿ."

ಅಣ್ಣತಮ್ಮಂದಿರು ತಬ್ಬಿಕೊಂಡರು. ಶಾಬುದ್ದೀನನಿಗೆ ಖರೇನೇ ಹಗುರಾಯಿತು. ಮನೆ ಮಗಳದಾಯಿತು, ಅಣ್ಣ ಅಣ್ಣನಾಗಿಯೇ ಉಳಿದ. ಟೆಂಪೋ ಖಾಲಿ ಹೋಗಬಾರದೆಂದು ಅಫ್ರೀನ್ ಮೋಟರುಗಳನ್ನು ಬ್ಯಾಡಗಿಯ ಗುಜರಿಗೆ ಹಾಕಲು ಅದರಲ್ಲೇ ಹತ್ತಿಸಿದಳು. ದುಡ್ಡು ಅಮ್ಮನ ಕೈಗೆ ಅಂತ ದೊಡ್ಡಪ್ಪನಿಗೆ ಹೇಳಿದಳು. ಆಮೇಲೆ ಅಪ್ಪನನ್ನು ಒಳಗೆ ಕರೆದಳು.

ಆ ದಿನ ಶಾಬುದ್ದೀನ ಕಳೆದುಕೊಂಡದ್ದು: ಮೂರು ಕೋಣೆಯ ಮನೆ ಒಂದು, ಮೋಟರು ಹನ್ನೊಂದು, ಬ್ಯಾಡಗಿಯ ಹೊಲ ಒಂದು ಎಕರೆ.