ಗೇರು ತೆಗೆದು ಬೆಲ್ಟು ಹಾಕಿದ್ದು

ಎದೆ ಧಸಕ್ಕೆನ್ನುವ ಪ್ರಸಂಗಗಳಿಗೆ ನನ್ನ ಮನೆ ವಿಳಾಸ ಚೆನ್ನಾಗಿ ಗೊತ್ತು. ಗುಬ್ಬಿಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ಸೀಲು ಒತ್ತಿಕೊಂಡು ತಣ್ಣಗಿದ್ದವನು, ತುಮಕೂರಿನ ಬಾಡಿಗೆ ಮನೆಯ ಕಾರ್ ಶೆಡ್ಡಿಗೆ ಒಂದು ಪುಟ್ಟ ಮಿಲ್ಲಿಂಗ್ ಮಷೀನ್ ತಂದಿಟ್ಟುಕೊಂಡೆ. ಹಿತ್ತಾಳೆ, ಅಲ್ಯೂಮಿನಿಯಂ ಕೊರೆದು ಆಟಿಕೆ ಎಂಜಿನ್ ಮಾಡುವ ಹುಚ್ಚು. ಅಲ್ಲಿಂದ ಶುರುವಾದ ಧಸಕ್ ಇನ್ನೂ ನಿಂತಿಲ್ಲ.

೧. ಎಷ್ಟು ಇಂಚು?

ಮಷೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗೇರುಗಳು. ಆನ್ ಮಾಡಿದರೆ ಬೀದಿಗೆಲ್ಲ ಕೇಳುವಷ್ಟು ಸದ್ದು. ಮೊದಲ ವಾರವೇ ಪಕ್ಕದ ಮನೆಯಾಕೆ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದರು.

"ಹೇಳ್ದೆ ಕೇಳ್ದೆ ಬೋರ್ ಕೊರೆಸ್ತಿದೀರಲ್ಲ, ನಮ್ಮ ಬೋರು ಬತ್ತೋದ್ರೆ ನಾವೆಲ್ಲಿಗ್ ಹೋಗೋದು?"

"ಅಮ್ಮಾ, ಬೋರಲ್ಲ, ಈ ಮಷೀನಿನ ಸೌಂಡು" ಎಂದು ಶೆಡ್ಡಿನೊಳಗೆ ಕರೆದು ತೋರಿಸಿದೆ. ಅವರು ಬಗ್ಗಿ ಮೇಜಿನ ಕೆಳಗೂ ನೋಡಿದರು. ಮುಖದಲ್ಲಿ ಒಂಚೂರೂ ನಂಬಿಕೆ ಇರಲಿಲ್ಲ.

"ಸರಿ ಬುಡಿ. ಎಷ್ಟು ಇಂಚು ನೀರು ಬಂತು, ಅದನ್ನಾದ್ರೂ ನಿಜ ಹೇಳಿ."

೨. ಒಂದು ಗೇಣು

ನಿಜವಾದ ಗಂಡಾಂತರ ಬಂದದ್ದು ಮಹಡಿಯಿಂದ. ಮನೆ ಮಾಲೀಕರು ರಿಟೈರ್ಡ್ ಮೇಷ್ಟ್ರು. ಸಂಜೆ ಆರು ಗಂಟೆಗೆ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂರುತ್ತಾರೆ. ನಾನು ಗುಬ್ಬಿಯಿಂದ ಬಂದು ಮಷೀನ್ ಹಾಕುವುದೂ ಆಗಲೇ.

"ಒಂದನೇ ತಾರೀಖಿನೊಳಗೆ ಸೌಂಡ್ ನಿಲ್ಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ" ಎಂದರು.

ಮನೆ ಬಿಡಲು ಹೆಂಡತಿ ಒಪ್ಪಳು, ಮಷೀನ್ ಬಿಡಲು ನಾನು ಒಪ್ಪೆ. ಉಳಿದದ್ದು ಒಂದೇ ದಾರಿ: ಗೇರುಗಳನ್ನು ಕಿತ್ತು ಬೆಲ್ಟು ಹಾಕುವುದು. ಕುಣಿಗಲ್‌ನಲ್ಲಿ ಲೇತ್ ಇಟ್ಟುಕೊಂಡಿರುವ ಸಾಬ್ರು ಬೆಲ್ಟು ಕೂರುವ ಗಾಲಿ, ಅಂದರೆ ಒಂದು ದೊಡ್ಡ, ಒಂದು ಚಿಕ್ಕ ಪುಲ್ಲಿ ಮಾಡಿಕೊಟ್ಟರು. ಎರಡಕ್ಕೂ ಸುತ್ತ ದಾರ ಹಾಕಿ ಅಳತೆ ತೆಗೆದು, ಆ ದಾರವನ್ನು ಅಂಗಿ ಜೇಬಿನಲ್ಲಿಟ್ಟೆ. ಮಾರನೇ ದಿನ ಗುಬ್ಬಿಯಲ್ಲಿ ಅದನ್ನೇ ತೋರಿಸಿ ಬೆಲ್ಟು ತಂದೆ. ಹಾಕಲು ಹೋದರೆ ಒಂದು ಗೇಣು ಮೋಟು!

"ಆ ದಾರಾನಾ? ಹೂ ಕಟ್ಟೋಕೆ ಸ್ವಲ್ಪ ಕತ್ತರಿಸ್ಕೊಂಡೆ" ಎಂದಳು ಹೆಂಡತಿ.

ನಾನು ತಲೆ ಮೇಲೆ ಕೈಹೊತ್ತು ಕೂತೆ.

"ಅಯ್ಯೋ, ಒಂದು ಗೇಣಿಗೆ ಹಿಂಗಾಡ್ತೀರಲ್ಲ! ಮಿಕ್ಕಿದ್ದೆಲ್ಲ ಜೋಪಾನವಾಗಿ ಜೇಬಲ್ಲೇ ಇಟ್ಟಿದೀನಲ್ಲ!"

೩. ಗುಂಡು

ಸರಿಯಾದ ಬೆಲ್ಟು ಬಂತು. ಚಿಕ್ಕ ಪುಲ್ಲಿ ಮೋಟರಿಗೆ, ದೊಡ್ಡದು ಲೋಹ ಕೊರೆಯುವ ಕಟರ್ ಕಡೆಗೆ ಎಂದು ಸಾಬ್ರು ಎರಡು ಸಲ ಹೇಳಿ ಕಳಿಸಿದ್ದರು. ನಾನು ಗಡಿಬಿಡಿಯಲ್ಲಿ ಅದಲುಬದಲು ಮಾಡಿದೆ. ಸ್ವಿಚ್ ಒತ್ತಿದ್ದೇ ತಡ, ಕಟರ್ ಹುಚ್ಚು ವೇಗದಲ್ಲಿ ತಿರುಗಿತು. ಸೋಪಿನಷ್ಟು ದಪ್ಪದ ಅಲ್ಯೂಮಿನಿಯಂ ತುಂಡು ಹಿಡಿತದಿಂದ ಕಿತ್ತುಕೊಂಡು, ಶೆಡ್ಡಿನಿಂದ ಹಾರಿ, ಗೇಟಿಗೆ ಠಣ್ ಎಂದು ಬಡಿಯಿತು. ಗೇಟಿನ ಆಚೆ ಮೇಷ್ಟ್ರು, ಕೈಯಲ್ಲಿ ಹಾಲಿನ ಪ್ಯಾಕೆಟ್. ನಾನು ಮೊದಲು ಸ್ವಿಚ್ ಆರಿಸಿದೆ.

ಅವರು ನಿಧಾನವಾಗಿ ಒಳಗೆ ಬಂದು ತುಂಡನ್ನು ಎತ್ತಿಕೊಂಡರು.

"ನಿಮ್ದಾ?"

"ಹೌದು ಸಾರ್."

"ಸೌಂಡ್ ಕಮ್ಮಿ ಮಾಡಿ ಅಂದ್ರೆ ಓನರ್‌ನೇ ಕಮ್ಮಿ ಮಾಡೋಕ್ ಹೊರಟ್ರಾ?"

೪. ಅಂಗಡಿ ಹಿಟ್ಟು

ಪುಲ್ಲಿ ಸರಿಮಾಡಿದ ಮೇಲೆ ಮಷೀನು ಎಷ್ಟು ಮೆತ್ತಗೆ ಓಡಿತೆಂದರೆ, ಆನ್ ಆಗಿದೆಯೋ ಇಲ್ಲವೋ ಎಂದು ನಾನೇ ಎರಡು ಸಲ ಸ್ವಿಚ್ ನೋಡಿದೆ. ಮನೆ ಉಳಿಯಿತು ಎಂದು ಕುಣಿದಾಡುವಷ್ಟು ಖುಷಿ.

ಗಡುವಿನ ಕೊನೆಯ ಸಂಜೆ. ಆರು ಗಂಟೆ. ಪ್ಲಗ್ ಕಿತ್ತು ಮಷೀನ್ ಒರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಗರಗರ, ಪಟಪಟ ಎಂದು ಭಯಂಕರ ಸದ್ದು. ನಾನು ಎರಡು ಹೆಜ್ಜೆ ಹಿಂದೆ ನೆಗೆದೆ. ಅಷ್ಟರಲ್ಲಿ ಮೇಷ್ಟ್ರು ದಡದಡ ಇಳಿದು ಬಂದರು.

"ಸಾಕ್ರೀ ನಿಮ್ಮ ಬೆಲ್ಟು! ನಾಳೆನೇ ಖಾಲಿ ಮಾಡಿ!"

ನಾನು ಪ್ಲಗ್ ಎತ್ತಿ ತೋರಿಸಿದೆ. ಅವರು ಪ್ಲಗ್ ನೋಡಿದರು, ಮಷೀನ್ ನೋಡಿದರು, ಆಮೇಲೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ ಛಾವಣಿ ನೋಡಿದೆವು.

ಶೆಡ್ಡಿನ ನೇರ ಮೇಲೆ ಅವರ ಅಡುಗೆಮನೆಯ ಹಿಂದಿನ ಕೋಣೆ. ಹೋಗಿ ಬಾಗಿಲು ತೆಗೆದರೆ ಒಳಗೆ ಅವರ ಹೆಂಡತಿ, ಎದುರಿಗೆ ಗರಗರ ತಿರುಗುತ್ತಿದ್ದ ಹಳೆಯ ಗ್ರೈಂಡರ್.

"ಇದನ್ನ ಯುಗಾದಿಗೇ ಗುಜರಿಗೆ ಹಾಕು ಅಂದಿದ್ನಲ್ಲೇ!" ಮೇಷ್ಟ್ರು ಕೂಗಿದರು.

"ನಮ್ಮಮ್ಮ ಕೊಟ್ಟಿದ್ದು, ಹೆಂಗ್ ಹಾಕ್ಲಿ? ಕೆಳಗೆ ಇವ್ರ ಮಷೀನ್ ಶುರುವಾದ ತಕ್ಷಣ ನಾನೂ ಹಾಕ್ಕೊತಿದ್ದೆ. ಈಗ ಇವ್ರು ಹಾಕಿದ್ದೇ ಗೊತ್ತಾಗಲ್ಲ. ಅಂದಾಜಿನ ಮೇಲೆ ಹಾಕ್ಬಿಟ್ಟೆ."

ಗ್ರೈಂಡರ್ ಬಿಚ್ಚಿ ನೋಡಿದೆ. ಬೆಲ್ಟು ಚಿಂದಿಯಾಗಿ ಒಳಗೆಲ್ಲ ಬಡಿಯುತ್ತಿತ್ತು. ಕೆಳಗೆ ಓಡಿ, ಆ ಮೋಟು ಬೆಲ್ಟು ತಂದು ಹಾಕಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು! ಗ್ರೈಂಡರ್ ಸದ್ದಿಲ್ಲದೆ ತಿರುಗತೊಡಗಿತು.

"ನಾಳೆ ಮನೆ ಖಾಲಿ ಮಾಡ್ಲಾ ಸಾರ್?" ಎಂದೆ.

"ಏ, ಇರ್ಲಿ ಬಿಡ್ರೀ" ಎಂದು ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಅಲ್ಲ ಕಣೇ, ಈ ಗ್ರೈಂಡರ್ ಇನ್ನೂ ಯಾಕೆ ಬೇಕಿತ್ತು? ಇದರ ಹಿಟ್ಟಿಗಿಂತ ಈಗ ನೀನು ತರೋ ಅಂಗಡಿ ಹಿಟ್ಟಿನ ದೋಸೆ ಎಷ್ಟು ಚೆನ್ನಾಗಿದೆ!"

ಆಕೆ ಮುಚ್ಚಳ ಒರೆಸುತ್ತಾ ಶಾಂತವಾಗಿ ಹೇಳಿದರು:

"ಯುಗಾದಿಯಿಂದ ನೀವು ಹೊಗಳ್ಕೊಂಡು ತಿಂತಿರೋ ಆ ಅಂಗಡಿ ಇದೇ ಕಣ್ರೀ."